ಹಳೇ ಹೆಸರನ್ನು ಯಾಕೆ ಅಳಿಸಬೇಕು?

ಕಥೆ ಕಟ್ಟಿ ಆಡಿಸೋ ಪ್ರೊ ರೆಸ್ಲಿಂಗ್ ಶೋಗಳಲ್ಲಿ, ಬೇರೆ ಕಂಪನಿಯಿಂದ ಬಂದ ಸ್ಟಾರ್‌ನ ಹಳೇ ಇತಿಹಾಸ ಹೇಳಬೇಕಾ, ಹೊಸಬನಂತೆ ತೋರಿಸಬೇಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಹೇಳಲೇಬೇಕು. ದುಡ್ಡು ಕೊಟ್ಟು ಕರೆತಂದಿದ್ದೇ ಆ ಹೆಸರಿಗೆ ಅಲ್ವಾ?

1991ರಲ್ಲಿ ರೆಸ್ಲರ್ ರಿಕ್ ಫ್ಲೇರ್ ಡಬ್ಲ್ಯೂಡಬ್ಲ್ಯೂಎಫ್‌ಗೆ (ಈಗಿನ ಡಬ್ಲ್ಯೂಡಬ್ಲ್ಯೂಇ) ಬಂದಾಗ ಎದುರಾಳಿ ಕಂಪನಿ ಡಬ್ಲ್ಯೂಸಿಡಬ್ಲ್ಯೂನ ಚಿನ್ನದ ಚಾಂಪಿಯನ್ ಬೆಲ್ಟನ್ನೇ ಜೊತೆಗೆ ತಂದರು. ‘ನಿಜವಾದ ಚಾಂಪಿಯನ್ ನಾನೇ’ ಅನ್ನೋ ಧಿಮಾಕು ಬೇರೆ! ಬೆಲ್ಟ್ ಬಗ್ಗೆ ಕೋರ್ಟ್ ತಕರಾರು ಎದ್ದ ಮೇಲೆ ಟಿವಿಯಲ್ಲಿ ಅದನ್ನು ಮಸುಕು ಮಾಡಿ ತೋರಿಸಿದರು. ನೋಡೋರಿಗೆ ಕುತೂಹಲ ಇನ್ನೂ ಜಾಸ್ತಿ. 1992ರ ರಾಯಲ್ ರಂಬಲ್‌ನಲ್ಲಿ (30 ಜನ ಒಬ್ಬೊಬ್ಬರಾಗಿ ಇಳಿದು, ಕೊನೆಗೆ ಉಳಿದವನು ಗೆಲ್ಲೋ ಪಂದ್ಯ) 3ನೇಯವರಾಗಿ ರಿಂಗಿಗಿಳಿದು, ಕೊನೆವರೆಗೂ ಉಳಿದು, ಡಬ್ಲ್ಯೂಡಬ್ಲ್ಯೂಎಫ್ ಚಾಂಪಿಯನ್ ಆದರು.

ಡಬ್ಲ್ಯೂಸಿಡಬ್ಲ್ಯೂನ ದೊಡ್ಡ ಸ್ಟಾರ್ ಆಗಿದ್ದ ಸ್ಟಿಂಗ್ ವಿಷಯದಲ್ಲಿ ಮಾತ್ರ ಡಬ್ಲ್ಯೂಡಬ್ಲ್ಯೂಇಯವರು ಎಡವಿದರು. ತಮ್ಮ ವರ್ಷದ ದೊಡ್ಡ ಶೋ ರೆಸಲ್‌ಮೇನಿಯಾದಲ್ಲಿ, 2015ರಲ್ಲಿ, ಅಲ್ಲಿನ ಮೊದಲ ಪಂದ್ಯದಲ್ಲೇ ಅವರನ್ನು ತಮ್ಮದೇ ಸ್ಟಾರ್ ಟ್ರಿಪಲ್ ಎಚ್ ಕೈಲಿ ಸೋಲಿಸಿದರು. ಮುಗಿದು 14 ವರ್ಷವಾದ ಡಬ್ಲ್ಯೂಸಿಡಬ್ಲ್ಯೂ ಜೊತೆಗಿನ ಜಗಳವನ್ನು ಸುಮ್ನೆ ಮತ್ತೊಮ್ಮೆ ಗೆದ್ದಂತಾಯಿತು, ಅಷ್ಟೇ.