ಪೆಡಿಗ್ರಿ ಕಾಗದ ನೋಡಿದಿರಿ, ಮರಿಯ ಅಮ್ಮನನ್ನು ನೋಡಿದಿರಾ?

ಪ್ರಶ್ನೆ: ಪೆಡಿಗ್ರಿ (ವಂಶಾವಳಿ ಪತ್ರ) ಇರುವ ರ‍್ಯಾಗ್‌ಡಾಲ್ ಬೆಕ್ಕಿನ ಮರಿ ತಂದೆವು. ಎತ್ತಿಕೊಂಡರೆ ತೋಳಲ್ಲೇ ಮಲಗುವ ತಳಿ ಅಂದಿದ್ದರು. ಆರು ವಾರಕ್ಕೆ ಮನೆಗೆ ಬಂದದ್ದು, ಎರಡು ತಿಂಗಳಾದರೂ ಮಂಚದ ಕೆಳಗೇ ಇದೆ. ಕೈ ಚಾಚಿದರೆ ಪರಚುತ್ತದೆ. ಬೇರೆ ತಳಿ ಕೊಟ್ಟು ಮೋಸ ಮಾಡಿದರೇ?

ಉತ್ತರ: ತಳಿಯ ಹೆಸರೊಂದು ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ತಳಿ ಅಸಲಿಯೇ ಇರಬಹುದು. ಮರಿಯ ಅಪ್ಪ-ಅಮ್ಮ ಯಾರು ಎಂದಷ್ಟೇ ಪೆಡಿಗ್ರಿ ಹೇಳುತ್ತದೆ. ಆ ಅಪ್ಪ-ಅಮ್ಮ ಜನರನ್ನು ಕಂಡರೆ ಹತ್ತಿರ ಬರುತ್ತಿದ್ದವೋ, ಓಡಿ ಹೋಗುತ್ತಿದ್ದವೋ ಅದರಲ್ಲಿ ಬರೆದಿರುವುದಿಲ್ಲ.

ವಂಶದ ಪಾತ್ರ ಖಂಡಿತ ಇದೆ. ಹೆಲ್ಸಿಂಕಿ ವಿಶ್ವವಿದ್ಯಾಲಯದವರು 5,700ಕ್ಕೂ ಹೆಚ್ಚು ಬೆಕ್ಕುಗಳ ಮಾಹಿತಿ ಕಲೆಹಾಕಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೆಕ್ಕ ಹಾಕಿದ ತಳಿಗಳೊಳಗೆ ಬೆಕ್ಕಿನಿಂದ ಬೆಕ್ಕಿಗೆ ಕಂಡ ವರ್ತನೆಯ ವ್ಯತ್ಯಾಸದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವಂಶವಾಹಿಗಳದ್ದು. ಅಪ್ಪ ಮರಿಗಳ ಮುಖವನ್ನೇ ನೋಡಿರದಿದ್ದರೂ, ಅದು ಜನರಿಗೆ ಹೊಂದಿಕೊಳ್ಳುವ ಬೆಕ್ಕಾಗಿದ್ದರೆ ಮರಿಗಳಿಗೂ ಧೈರ್ಯ ಹೆಚ್ಚು.

ಇನ್ನು ಉಳಿದದ್ದು ಬೆಳೆಸಿದ ಬಗೆ. ಎರಡರಿಂದ ಏಳನೇ ವಾರದೊಳಗೆ ದಿನವೂ ನಾಲ್ಕಾರು ಜನರ ಕೈ ತಾಗದ ಮರಿಗೆ ಮನುಷ್ಯರ ಭಯ ಉಳಿಯುವ ಸಾಧ್ಯತೆ ಹೆಚ್ಚು. ಆರು ವಾರಕ್ಕೇ ಅಮ್ಮನಿಂದ ಬಿಡಿಸಿ ಮಾರಿದವರು ತಳಿಗಾರರಲ್ಲ, ವ್ಯಾಪಾರಿಗಳು. ಕನಿಷ್ಠ 12 ವಾರ ಮರಿ ಅಮ್ಮನ ಬಳಿ ಇರಬೇಕು.

ಈಗ ಮೊದಲು ಪಶುವೈದ್ಯರಲ್ಲಿ ತೋರಿಸಿ, ನೋವಿದ್ದರೂ ಬೆಕ್ಕು ಪರಚುತ್ತದೆ. ಮಂಚದಡಿಯಿಂದ ಎಳೆಯಬೇಡಿ. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತು, ಅದರತ್ತ ನೋಡದೆ, ಒಂದು ತುಣುಕು ತಿನಿಸನ್ನು ಮಾರು ದೂರದಲ್ಲಿಡಿ. ಅದು ತಿಂದು ವಾಪಸ್ ಹೋದ ಮೇಲೆ ಏಳಿ. ಅಂಜದೆ ಬರತೊಡಗಿದ ಮೇಲೆ ತುಣುಕನ್ನು ನಿಮ್ಮತ್ತ ಒಂದು ಗೇಣು ಸರಿಸಿ. ತಿಂಗಳುಗಟ್ಟಲೆ ಹಿಡಿಯುತ್ತದೆ. 'ಸ್ವಭಾವ ಬದಲಿಸುವ ಹನಿ' ಮಾರುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ಮುಂದೆ ಮರಿ ತರುವವರು ಮೊದಲು ಅಮ್ಮ ಬೆಕ್ಕಿನ ಹತ್ತಿರ ಹೋಗಿ ಕೂರಿ. ತಾನಾಗಿ ಬಂದು ಮೂಸಿದರೆ ಮಾತು ಮುಂದುವರಿಸಿ. ಅಮ್ಮನನ್ನು ತೋರಿಸಲು ನೆಪ ಹೇಳಿದರೆ ಎದ್ದು ಬನ್ನಿ.

ಪ್ರಶ್ನೆ: ರ‍್ಯಾಗ್‌ಡಾಲ್‌ಗೆ ನೋವೇ ಗೊತ್ತಾಗುವುದಿಲ್ಲವಂತೆ?

ಉತ್ತರ: ಶುದ್ಧ ಸುಳ್ಳು. ಹಾಗೆಂದವರ ಕೈಗೆ ಬೆಕ್ಕನ್ನು ಕೊಡಲೇಬೇಡಿ.

ಪ್ರಶ್ನೆ: ಒಂದು ಸಲ ಮರಿ ಹಾಕಿಸಿದರೆ ಹೆಣ್ಣು ಬೆಕ್ಕು ಶಾಂತವಾಗುತ್ತದೆಯೇ?

ಉತ್ತರ: ಇಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ.

ಪ್ರಶ್ನೆ: ನಮ್ಮ ಸ್ಕಾಟಿಶ್ ಫೋಲ್ಡ್ ಬಹಳ ಸೌಮ್ಯ, ಎಲ್ಲಿಗೂ ಜಿಗಿಯುವುದಿಲ್ಲ. ತಳಿಯ ಗುಣವೇ?

ಉತ್ತರ: ಇದನ್ನು ಓದಿ ನನಗೆ ಕಳವಳವಾಯಿತು. ಈ ತಳಿಯ ಕಿವಿಯನ್ನು ಮಡಚಿಸುವ ವಂಶವಾಹಿ ದೋಷವೇ ಕೀಲುಗಳ ಮೃದ್ವಸ್ಥಿಯನ್ನೂ ಕೆಡಿಸುತ್ತದೆ. ನೀವು ಸೌಮ್ಯ ಅಂದುಕೊಂಡಿರುವುದು ನೋವಾಗಿರಬಹುದು. ಈ ವಾರವೇ ಕಾಲು ಮತ್ತು ಬಾಲದ ಎಕ್ಸ್‌-ರೇ ತೆಗೆಸಿ.