256 ಜಿಬಿ ಲ್ಯಾಪ್‌ಟಾಪಲ್ಲಿ ಸಿಸ್ಟಮ್ ರಿಸ್ಟೋರ್‌ಗೆ ಎಷ್ಟು ಜಾಗ ಬಿಡ್ಬೇಕು?

ನಿಮ್ದು 256 ಜಿಬಿ ಎಸ್‌ಎಸ್‌ಡಿ, ಸಿ ಡ್ರೈವ್ ತುಂಬ್ತಾ ಬಂದಿದೆ, ಸಿಸ್ಟಮ್ ರಿಸ್ಟೋರ್ ಆಫ್ ಮಾಡ್ಬಿಡ್ಲಾ ಇಲ್ಲ ಇಟ್ಕೊಂಡ್ರೆ ಎಷ್ಟು ಜಿಬಿ ಕೊಡ್ಲಿ ಅಂತ ಕೇಳಿದೀರ. ಆಫ್ ಮಾತ್ರ ಮಾಡ್ಬೇಡಿ, ಡ್ರೈವರೋ ಪ್ರೋಗ್ರಾಮೋ ಹಾಕಿ ಕೆಟ್ಟಾಗ ವಿಂಡೋಸನ್ನ ಹಿಂದಿನ ಸ್ಥಿತಿಗೆ ತರೋದು ಇದೇ. 10 ಜಿಬಿ ಕೊಡಿ, ಸಾಕು. 256 ಅಂತ ಬರೆದಿದ್ರೂ ವಿಂಡೋಸಲ್ಲಿ ಕಾಣೋದು 238 ಅಷ್ಟೇ, ಎಲ್ಲಾ ಸಿ ಡ್ರೈವಲ್ಲೇ ಇದ್ರೆ 4 ಪರ್ಸೆಂಟ್ ಇಟ್ಟಾಗ ಹತ್ತತ್ರ 10 ಜಿಬಿ ಆಗುತ್ತೆ. ಸ್ಟಾರ್ಟ್ ಮೆನುಲಿ ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್ ಅಂತ ಹುಡುಕಿ, ಸಿ ಡ್ರೈವ್ ಸೆಲೆಕ್ಟ್ ಮಾಡಿ ಕಾನ್ಫಿಗರ್ ಒತ್ತಿದ್ರೆ ಮ್ಯಾಕ್ಸ್ ಯೂಸೇಜ್ ಅಂತ ಸ್ಲೈಡರ್ ಇರುತ್ತೆ, ಅದನ್ನ 4ಕ್ಕೆ ಎಳೆದು ಅಪ್ಲೈ ಕೊಡಿ. ಅಲ್ಲೇ ಪ್ರೊಟೆಕ್ಷನ್ ಆನ್ ಇದ್ಯಾ ಅಂತಾನೂ ನೋಡ್ಕೊಳಿ, ವಿಂಡೋಸ್ 10, 11ರ ಎಷ್ಟೋ ಮಷೀನಲ್ಲಿ ಬರೋವಾಗ್ಲೇ ಆಫ್ ಇರುತ್ತೆ, ಜನ ಆನ್ ಇದೆ ಅಂದ್ಕೊಂಡೇ ವರ್ಷಗಟ್ಲೆ ಓಡಿಸ್ತಿರ್ತಾರೆ.

ಆ 10 ಜಿಬಿ ಇವತ್ತೇ ಹೋಗ್ಬಿಡಲ್ಲ, ಅದು ಮ್ಯಾಕ್ಸಿಮಮ್ ಲಿಮಿಟ್ಟು. ರಿಸ್ಟೋರ್ ಪಾಯಿಂಟ್, ಅಂದ್ರೆ ಆಯಾ ದಿನ ಸಿಸ್ಟಮ್ ಹೆಂಗಿತ್ತು ಅನ್ನೋ ದಾಖಲೆ, ಸೇರ್ತಾ ಸೇರ್ತಾ ತುಂಬುತ್ತೆ, ತುಂಬಿದ್ಮೇಲೆ ಹಳೇದನ್ನ ವಿಂಡೋಸೇ ಅಳಿಸಿ ಹೊಸದಕ್ಕೆ ಜಾಗ ಮಾಡ್ಕೊಳುತ್ತೆ. ಕೆಲವ್ರು ಈಗ್ಲೂ 15 ಪರ್ಸೆಂಟ್ ಬಿಡಿ ಅಂತಾರಲ್ಲ, ಅದು ಹಳೇ ವಿಂಡೋಸ್ ವಿಸ್ಟಾ ಕಾಲದ ಲೆಕ್ಕ, ಎಕ್ಸ್‌ಪಿಲಿ 12 ಇತ್ತು, ಆಮೇಲೆ ವಿಂಡೋಸ್ 7ರಲ್ಲಿ ಮೈಕ್ರೋಸಾಫ್ಟೇ ಅದನ್ನ ದೊಡ್ಡ ಡಿಸ್ಕ್‌ಗಳಿಗೆ 5 ಪರ್ಸೆಂಟ್ ಇಲ್ಲ 10 ಜಿಬಿ, ಯಾವ್ದು ಕಮ್ಮಿನೋ ಅಷ್ಟು ಅಂತ ಇಳಿಸ್ತು. ವಿಂಡೋಸ್ 11ರ 24ಎಚ್2 ಅನ್ನೋ ವರ್ಷನ್‌ಲಿ ಪಾಯಿಂಟ್‌ಗಳು ಉಳಿಯೋದೇ ಜಾಸ್ತಿ ಅಂದ್ರೆ 60 ದಿನ, 40 ಜಿಬಿ ಕೊಟ್ಟು ಆರು ತಿಂಗಳ ಹಿಂದಕ್ಕೆ ಹೋಗೋಣ ಅಂದ್ರೆ ಆಗಲ್ಲ ಕಣ್ರೀ.

ಅಷ್ಟು ಜಾಗನಾದ್ರೂ ಯಾಕೆ ಕೊಡ್ಬೇಕು ಅಂದ್ರೆ, ನಾನು ಮಂಡ್ಯದಲ್ಲಿ ಕಂಪ್ಯೂಟರ್ ರಿಪೇರಿ ಮಾಡೋನು, ಡಿಟಿಪಿ ಅಂಗಡಿಯವ್ರು ಜಾಸ್ತಿ ಬರ್ತಾರೆ. ಒಬ್ರು ಕ್ರಯಪತ್ರ, ಕರಾರುಪತ್ರ ಟೈಪ್ ಮಾಡ್ಕೊಡೋರು, ಹೊಸ ಪ್ರಿಂಟರ್ ಡ್ರೈವರ್ ಹಾಕಿದ್ದೇ ತಡ ಪ್ರಿಂಟ್ ಕೊಟ್ಟಾಗೆಲ್ಲ ಸಿಸ್ಟಮ್ ನೀಲಿ ಸ್ಕ್ರೀನ್ ಬಂದು ರೀಸ್ಟಾರ್ಟ್ ಆಗೋದು, ಹೊರಗಡೆ ಜನ ಸ್ಟ್ಯಾಂಪ್ ಪೇಪರ್ ಹಿಡ್ಕೊಂಡು ನಿಂತವ್ರೆ. ಹಿಂದಿನ ದಿನದ ಪಾಯಿಂಟ್ ಇತ್ತು, ಅದಕ್ಕೆ ವಾಪಸ್ ಹೋದ್ವಿ, ಟೀ ಕುಡಿಯೋದ್ರೊಳಗೆ ಹಳೇ ಡ್ರೈವರಲ್ಲೇ ಪ್ರಿಂಟ್ ಬಂತು, ಟೈಪ್ ಮಾಡಿದ್ದ ಫೈಲುಗಳು ಇದ್ದಲ್ಲೇ ಇದ್ವು. ಪಾಯಿಂಟ್ ಇಲ್ದಿದ್ರೆ ವಿಂಡೋಸ್ ಮತ್ತೆ ಹಾಕೋದು, ಫಾಂಟು, ಸ್ಕ್ಯಾನರು, ಟ್ಯಾಲಿ ಎಲ್ಲ ಮೊದಲಿಂದ, ಒಂದಿನದ ದುಡಿಮೆ ಹೋಗೋದು.

ಆದ್ರೆ ಒಂದು ವಿಷ್ಯ ದಯವಿಟ್ಟು ತಿಳ್ಕೊಳಿ, ಇದು ಬ್ಯಾಕಪ್ ಅಲ್ಲ. ಡ್ರೈವರು, ರಿಜಿಸ್ಟ್ರಿ (ವಿಂಡೋಸಿನ ಸೆಟ್ಟಿಂಗ್ ಇರೋ ಜಾಗ), ಪ್ರೋಗ್ರಾಮು, ಸಿಸ್ಟಮ್ ಫೈಲು ಇವನ್ನ ಹಿಂದಕ್ಕೆ ತರುತ್ತೆ, ಡಿಲೀಟ್ ಆದ ಫೋಟೋ ತಂದ್ಕೊಡಲ್ಲ. ಮಗು ನಾಮಕರಣದ ಫೋಟೋ ಅಳಿಸೋಗಿದೆ, ರಿಸ್ಟೋರ್ ಮಾಡ್ಕೊಡಿ ಅಂತ ಆಸೆ ಇಟ್ಕೊಂಡು ಬರ್ತಾರೆ, ಅವ್ರ ಮುಖ ನೋಡಿ ಆಗಲ್ಲ ಅನ್ನೋಕೆ ಸಂಕಟ ಆಗುತ್ತೆ. ಎಸ್‌ಎಸ್‌ಡಿ ಸತ್ತೋದ್ರಂತೂ ಪಾಯಿಂಟೂ ಅದ್ರಲ್ಲೇ ಇದ್ದಿದ್ರಿಂದ ಅದ್ರ ಜೊತೇಲೇ ಹೋಗುತ್ತೆ. ಅದಕ್ಕೇ ರಿಸ್ಟೋರ್‌ಗೆ ಜಾಗ ಜಾಸ್ತಿ ಮಾಡೋ ಬದ್ಲು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಂಡು ಫೈಲುಗಳ ಕಾಪಿ ತಾನೇ ಇಡೋ ಫೈಲ್ ಹಿಸ್ಟರಿ ಆನ್ ಮಾಡಿ.

ಜಾಗ ಬೇಕು ಅಂತ ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ಕಾಣೋ ಚಿಕ್ಕ ರಿಕವರಿ ಪಾರ್ಟಿಶನ್ ತೆಗೀಬೇಡಿ, ಅದು ಸಾಮಾನ್ಯವಾಗಿ 1 ಜಿಬಿ ಒಳಗೇ ಇರುತ್ತೆ, ಲ್ಯಾಪ್‌ಟಾಪ್ ಬೂಟೇ ಆಗ್ದಿದ್ದಾಗ ರಿಸ್ಟೋರ್ ಮಾಡೋಕೆ ಅದೇ ಸುಲಭದ ದಾರಿ. 2024ರ ಜನವರಿಲಿ ಇದು ಚಿಕ್ಕದಾಯ್ತು ಅಂತಾನೇ ಒಂದು ಅಪ್‌ಡೇಟ್ ಸುಮಾರು ಮಷೀನಲ್ಲಿ ಫೇಲ್ ಆಗಿ, 250 ಎಂಬಿ ದೊಡ್ಡದು ಮಾಡಿ ಅಂತ ಮೈಕ್ರೋಸಾಫ್ಟ್ ಹೇಳ್ಬೇಕಾಯ್ತು. ಹಂಗೆ ವಿಂಡೋಸ್ ಒಳಗೆ ಹೋಗ್ದೆ ಹೊರಗಿಂದ ರಿಸ್ಟೋರ್ ಮಾಡೋವಾಗ ಡಿಸ್ಕ್ ಲಾಕ್ ಮಾಡೋ ಬಿಟ್‌ಲಾಕರ್ ಇದ್ರೆ 48 ಅಂಕಿಯ ಕೀ ಕೇಳುತ್ತೆ, ಈಗ್ಲೇ ಒಂದು ಪೇಪರಲ್ಲಿ ಬರೆದಿಟ್ಕೊಳಿ, ಮತ್ತೆ ರಿಸ್ಟೋರ್ ಮಾಡೋವಾಗ ಚಾರ್ಜರ್ ಹಾಕೇ ಇರ್ಲಿ, ಮಧ್ಯ ಆಫ್ ಆಗ್ಬಾರ್ದು.

ನಿಮಗೆ ಡಿ ಡ್ರೈವ್ ಇದ್ದು ಅದ್ರಲ್ಲಿ ಬರೀ ಫೋಟೋ, ವಿಡಿಯೋ ಇದ್ರೆ ಅದಕ್ಕೆ ಪ್ರೊಟೆಕ್ಷನ್ ಬೇಕಿಲ್ಲ. ಸಿ ಡ್ರೈವಲ್ಲಿ ಜಾಗ ಬೇಕಂದ್ರೆ ಮೊದಲು ಡೌನ್‌ಲೋಡ್ಸ್ ನೋಡಿ, ಆಮೇಲೆ ಡಿಸ್ಕ್ ಕ್ಲೀನಪಲ್ಲಿ ಹಳೇ ವಿಂಡೋಸ್ ಇನ್‌ಸ್ಟಾಲೇಶನ್ ಅಂತ ಏನಾದ್ರೂ ತೋರ್ಸಿದ್ರೆ ತೆಗೀರಿ, ಅದೊಂದೇ ಎಷ್ಟೋ ಸಲ 10 ಜಿಬಿಗಿಂತ ಜಾಸ್ತಿ ಇರುತ್ತೆ.