ಸಕ್ಕರೆ ರೇಟು ಏರುತ್ತಿದೆ, ಸಕ್ಕರೆ ಕಂಪನಿಗಳ ಷೇರು ಕೊಳ್ಳಬಹುದಾ?

ರೇಟು ಏರಿತು ಅಂತ ಸುಮ್ನೆ ಕೊಳ್ಳಬೇಡಿ. ಕಬ್ಬಿನ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ, ನಿಗದಿ ಮಾಡೋದು ಕೇಂದ್ರ ಸರ್ಕಾರ. 2025-26ರ ಹಂಗಾಮಿಗೆ ಕ್ವಿಂಟಲ್‌ಗೆ 355 ರೂಪಾಯಿ, ಕಬ್ಬಿನಿಂದ ಸಿಗುವ ಸಕ್ಕರೆ ಪ್ರಮಾಣ (ಇಳುವರಿ) 10.25% ಇದ್ದರೆ. ಲೆಕ್ಕ ಹಾಕಿ: ನೂರು ಕೆಜಿ ಕಬ್ಬು ಅರೆದರೆ ಸಿಗೋದು ಹತ್ತು ಕೆಜಿಗಿಂತ ಸ್ವಲ್ಪ ಹೆಚ್ಚು ಸಕ್ಕರೆ. ಕೆಜಿ ಸಕ್ಕರೆಗೆ ಕಬ್ಬಿನ ಖರ್ಚೇ ಸುಮಾರು 35 ರೂಪಾಯಿ! ಕೂಲಿ, ಬಡ್ಡಿ ಬೇರೆ. ಮೊಲಾಸಸ್ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ), ವಿದ್ಯುತ್ ಮಾರಿ ಒಂದಿಷ್ಟು ಬರುತ್ತದೆ, ನಿಜ.

ಪೆಟ್ರೋಲ್‌ಗೆ ಬೆರೆಸುವ ಎಥೆನಾಲ್ ಮಾರಿ ಬರುವ ಹಣ ಇದೆಯಲ್ವಾ ಅನ್ನಬಹುದು. ಆದರೆ ಅದೂ ಸರ್ಕಾರದ ಕೈಯಲ್ಲೇ ಇದೆ. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸದಿಂದ ಎಥೆನಾಲ್ ಮಾಡೋದಕ್ಕೆ ಕೇಂದ್ರ ತಡೆ ಹಾಕಿದಾಗ ಈ ಷೇರುಗಳು ಒಂದೇ ದಿನದಲ್ಲಿ ಕುಸಿದವು. ರಫ್ತಿಗೂ ಸರ್ಕಾರದ್ದೇ ಕಡಿವಾಣ. ನಾನಾದರೆ ಸಾಲ ಕಡಿಮೆ ಇರುವ, ಸ್ವಂತ ಡಿಸ್ಟಿಲರಿ (ಎಥೆನಾಲ್ ತಯಾರಿಸುವ ಘಟಕ) ಇರುವ ಕಂಪನಿಯನ್ನಷ್ಟೇ ನೋಡುತ್ತೇನೆ. ಅದೂ ಕೈಯಲ್ಲಿರುವ ಹಣದ ಸಣ್ಣ ಪಾಲು ಮಾತ್ರ.